ಗೇಟಕ್ಕ ಹುಡುಕಿದ ಗೂಟ

ಗೇಟಕ್ಕ ಯಾರಿಗೂ ಸೊಪ್ಪು ಹಾಕಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಕತೆಯಲ್ಲಿ ಅವಳಿಗೆ ಬುದ್ಧಿ ಹೇಳಲು ಬರುವವರು ಬಹಳ ಮಂದಿ ಇದ್ದಾರೆ, ಯಾರದಾದರೂ ಮಾತು ಕೇಳಿಯಾಳು ಎಂದು ನೀವು ಸುಮ್ಮನೆ ಆಸೆ ಇಟ್ಟುಕೊಳ್ಳಬಾರದು. ಗೇಟು, ಗ್ರಿಲ್ಲು, ಮೆಟ್ಟಿಲ ಕಟಕಟೆ ಮಾಡುವ ಶೆಡ್ಡಿನ ಒಡತಿ ಆಕೆ, ಹಾಗಾಗಿ ಗೇಟಕ್ಕ. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಬೀದಿಯವರಿಗೆ ಮರೆತೇಹೋಗಿದೆ, ಅವಳಿಗೂ ಅದರ ಚಿಂತೆಯಿಲ್ಲ.

ಅಪ್ಪನ ಕೈಯಾಳು ಒಮ್ಮೆ ಹೇಳದೆ ಕೇಳದೆ ಕೆಲಸ ಬಿಟ್ಟುಹೋದಾಗ, ಸ್ಕೂಲಿನಿಂದ ಬಂದ ಹುಡುಗಿ ಚೀಲ ಮೂಲೆಗೆಸೆದು ಪೈಪಿನ ತುದಿ ಹಿಡಿದವಳು ಮತ್ತೆ ಬಿಟ್ಟಿಲ್ಲ. ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನೂ ಸುಮಾರಾಗಿದ್ದ. ಮದುವೆಯಾದ ಮೇಲೆ ಈ ಬೆಂಕಿ ಕೆಲಸ ಬೇಡ ಎಂದು ಅವನ ಅಕ್ಕ ಹೇಳಿದಳಂತೆ. ಹಾಗಾದರೆ ಮದುವೆಯೇ ಬೇಡ ಎಂದು ಇವಳು ಕಡ್ಡಿ ಮುರಿದಂತೆ ಹೇಳಿ, ಬಂದವರ ಮುಂದೆಯೇ ಗ್ರೈಂಡರ್ ಹಚ್ಚಿದಳು. ಅಪ್ಪ ಹೋದ ಮೇಲೆ ಗಿರಾಕಿಗಳು ಶೆಡ್ಡಿನೊಳಗೆ ಇಣುಕಿ ಮೇಸ್ತ್ರಿ ಇಲ್ಲವೇ ಎಂದು ಕೇಳುತ್ತಿದ್ದರು. ನಾನೇ ಮೇಸ್ತ್ರಿ, ಅಳತೆ ಹೇಳಿ ಎನ್ನುತ್ತಿದ್ದಳು. ಕೆಲವರು ಹೇಳಿದರು, ಕೆಲವರು ಮೂಗು ಮುರಿದು ಹೋದರು. ಹೋದವರಲ್ಲಿ ಅರ್ಧ ಜನ ಬೇರೆ ಕಡೆ ಮಾಡಿಸಿದ ಗೇಟು ಸೊಟ್ಟಗಾಗಿ ಮರಳಿ ಬಂದರು. ಬಂದವರನ್ನು ಆಕೆ ಬಯ್ಯದೆ ಬಿಟ್ಟಳೆಂದು ನಾನು ಸುಳ್ಳು ಹೇಳಲಾರೆ.

ಶೆಡ್ಡು ರಸ್ತೆಗೆ ಮುಖ ಮಾಡಿದೆ. ತಗಡಿನ ಚಾವಣಿ, ಒಂದು ಮಗ್ಗುಲಿಗೆ ಇಟ್ಟಿಗೆ ಗೋಡೆ, ಇನ್ನೊಂದು ಮಗ್ಗುಲಿಗೆ ಕಬ್ಬಿಣದ ಕಂಬಗಳ ಸಾಲು. ಹಿಂದೆ ಎರಡು ಕೋಣೆ, ಅಲ್ಲಿ ಅವಳು ಮತ್ತು ಅಮ್ಮ. ಕಂಬಗಳಾಚೆ ಒಬ್ಬರು ಓರೆಯಾಗಿ ನುಸುಳುವಷ್ಟು ಸಂದಿ, ಅದರಾಚೆ ಸೋಫಾ ಅಂಗಡಿ. ಅಂಗಡಿಯ ಯಜಮಾನರು ಒಳ್ಳೆಯ ಮಾತುಗಾರರು. ಅವರ ಸೋಫಾದ ಮೇಲೆ ಕೂತವರು ಕೊಳ್ಳದೆ ಏಳುವುದು ಕಷ್ಟ, ಅಂಥ ಬಾಯಿ. ಗಿರಾಕಿಗಳ ಕಾರು ನಿಲ್ಲಿಸಲು ಜಾಗವಿಲ್ಲ ಎನ್ನುವುದೊಂದೇ ಅವರಿಗಿದ್ದ ಕೊರತೆ. ಆ ಕೊರತೆ ದೊಡ್ಡದಾಗುತ್ತ ಹೋದಂತೆ, ಗೇಟಕ್ಕನ ಶೆಡ್ಡಿನ ಅರ್ಧಭಾಗ ನಿಜವಾಗಿ ತಮ್ಮ ಜಾಗದಲ್ಲೇ ಇದೆ ಎನ್ನುವುದು ಅವರಿಗೆ ಹೊಳೆಯಿತು. ಮೊದಲು ನಗುನಗುತ್ತ ಹೇಳಿದರು. ಆಮೇಲೆ ಏನಾದರೂ ಕೊಟ್ಟು ಮುಗಿಸೋಣ ಎಂದರು. ಅದಕ್ಕೂ ಇವಳು ಜಗ್ಗದಿದ್ದಾಗ ಸರ್ವೆಯವರನ್ನು ಕರೆಸಿದರು.

ಸರ್ವೆಯವರು ಇಬ್ಬರಿಗೂ ಸೇರದ, ತಮ್ಮ ಪಾಡಿಗೆ ಕೆಲಸ ಮಾಡುವ ಮನುಷ್ಯ. ಹಿಂದಿನ ಓಣಿಗೆ ಹೋಗಿ ನೋಡಿದರು. ಬೀದಿ ಹುಟ್ಟಿದಾಗ ಗಡಿಗೆ ಹೊಡೆದ ಕಬ್ಬಿಣದ ಗೂಟ ಅಲ್ಲಿ ಕಣ್ಣಿಗೆ ಕಾಣುವಂತೆ ನಿಂತಿತ್ತು, ತಲೆಯ ಮೇಲೆ ಕೊಯ್ದ ಅಡ್ಡಗೆರೆಯ ಗುರುತೂ ಇತ್ತು. ಅದರ ಜೊತೆಯ ಇನ್ನೊಂದು ಗೂಟ ಮುಂದೆ ರಸ್ತೆಯ ಕಡೆ ಇರಬೇಕು. ಅದು ಮಾತ್ರ ಇಲ್ಲ. ಮುಂದಿನ ತಿಂಗಳು ಬರುತ್ತೇನೆ, ಗೂಟ ಸಿಕ್ಕರೆ ಗೂಟದಿಂದ ಗೂಟಕ್ಕೆ ದಾರ ಎಳೆಯುತ್ತೇನೆ, ಸಿಗದಿದ್ದರೆ ಸೋಫಾ ಅಂಗಡಿಯ ಆಚೆ ಗೋಡೆಯಿಂದ ಕಾಗದದಲ್ಲಿದ್ದಷ್ಟು ಅಗಲ ಅಳೆಯುತ್ತೇನೆ ಎಂದು ಹೇಳಿ ಹೋದರು. ಆ ಗೋಡೆ ಗಡಿ ನೋಡಿ ಕಟ್ಟಿದ್ದಲ್ಲ, ಅಲ್ಲಿಂದ ಅಳೆದರೆ ಗೆರೆ ಶೆಡ್ಡಿನ ಹೊಟ್ಟೆ ಸೀಳಿಕೊಂಡು ಹೋಗುತ್ತದೆ. ರಸ್ತೆಯ ಬಾಗಿಲು ಆಚೆ, ವೆಲ್ಡಿಂಗ್ ಯಂತ್ರ ಆಚೆ. ಉಳಿದ ಅರ್ಧದಲ್ಲಿ ಒಂದು ಗೇಟನ್ನು ಮಲಗಿಸಲೂ ಆಗುವುದಿಲ್ಲ. ಅಲ್ಲಿಗೆ ಗೇಟಕ್ಕ ಇಲ್ಲ, ಬರೀ ಅಕ್ಕ.

ಕೊಟ್ಟಷ್ಟು ತೆಗೆದುಕೊಂಡು ಬಿಟ್ಟುಬಿಡು ಎಂದು ಅಮ್ಮ ಮೊದಲ ದಿನದಿಂದಲೂ ಅಂದಳು. ಅಮ್ಮನಿಗೆ ಹೆದರಿಕೆ ಎಂದು ಗೇಟಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಗೂಟ ಎಲ್ಲಿದೆ ಎನ್ನುವುದು ಅವಳಿಗೆ ಗೊತ್ತೇ ಇತ್ತು. ಮೊದಲ ಕಂಬದ ಬುಡದಲ್ಲಿ, ಆಚೆ ಮಗ್ಗುಲಿಗೆ, ಸಂದಿಯ ಮಣ್ಣಿನಲ್ಲಿ ಹೂತುಹೋಗಿದೆ ಎಂದು ಅಪ್ಪ ಎಷ್ಟೋ ಸಲ ಹೇಳಿದ್ದ. ಅದನ್ನೇ ಅವಳು ಬೀದಿಯವರಿಗೆಲ್ಲ ಸಾರಿದಳು. ಅಪ್ಪನ ಮಾತೆಂದರೆ ಅವಳಿಗೆ ಮಟ್ಟಗೋಲು ಇದ್ದ ಹಾಗೆ, ಅದನ್ನಿಟ್ಟೇ ಉಳಿದದ್ದನ್ನೆಲ್ಲ ನೋಡುವವಳು. ಹಾರೆ ಹಿಡಿದು ಸಂದಿಗೆ ಇಳಿದಳು. ಆದರೆ ಅಪ್ಪನ ಕಾಲದಿಂದ ಗುಡಿಸಿ ಎಸೆದ ವೆಲ್ಡಿಂಗ್ ರಾಡಿನ ತುಂಡು, ಮೊಳೆ, ಗ್ರೈಂಡರಿನ ಪುಡಿ ಎಲ್ಲವೂ ಆ ಸಂದಿಯಲ್ಲೇ ತುಕ್ಕು ಹಿಡಿದು ಹೆಪ್ಪುಗಟ್ಟಿತ್ತು. ಹಾರೆ ಹಾಕಿದಲ್ಲೆಲ್ಲ ಠಣ್ ಎನ್ನುತ್ತಿತ್ತು. ಯಾವ ಠಣ್ ಗೂಟದ್ದು, ಯಾವುದು ಕಸದ್ದು?

ಆಗ ನೆನಪಾದದ್ದು ಡ್ರೈವರ್ ಮಾಮ. ಬಸ್ಸು ಓಡಿಸಿ ನಿವೃತ್ತರಾದವರು, ಹಳೆಯ ಗಿರಾಕಿ. ಹವ್ಯಾಸಕ್ಕೆಂದು ಒಂದು ಮೆಟಲ್ ಡಿಟೆಕ್ಟರ್ ಕೊಂಡು, ಸಂಜೆಯಾದರೆ ಆಟದ ಮೈದಾನದಲ್ಲಿ ತಲೆ ತಗ್ಗಿಸಿಕೊಂಡು ನಾಣ್ಯ ಹುಡುಕುತ್ತ ಅಲೆಯುವವರು. ಅವರಿಗೆ ಈವರೆಗೆ ಸಿಕ್ಕ ನಿಧಿ ಎಂದರೆ ಬಾಟಲಿ ಮುಚ್ಚಳ, ಚಿಲ್ಲರೆ ಕಾಸು, ಒಂದು ಒಂಟಿ ಓಲೆ. ಬೀದಿಯವರು ನಕ್ಕರೆ ಅವರೂ ನಗುತ್ತಿದ್ದರು. ಗೇಟಕ್ಕ ಕೇಳಿದ್ದಕ್ಕೆ, ಹೆಂಡತಿಯ ಒಡವೆ ಬೇಕಾದರೆ ಕೊಟ್ಟೇನು, ಇದನ್ನು ಮಾತ್ರ ಕೊಡುವುದಿಲ್ಲ, ನಾನೇ ಬಂದು ಕಲಿಸುತ್ತೇನೆ ಎಂದರು.

ಕಲಿಸಿದ್ದೂ ಬಸ್ಸು ಓಡಿಸಲು ಕಲಿಸುವಂತೆಯೇ. ಹೊರಡುವ ಮುಂಚೆ ತಪಾಸಣೆ ಆಗಲೇಬೇಕು. ತಟ್ಟೆಯಂಥ ಕಾಯಿಲ್ಲಿನಿಂದ ಮೇಲೇರುವ ವೈರನ್ನು ಕೋಲಿಗೆ ಬಿಗಿಯಾಗಿ ಸುತ್ತಬೇಕು, ಸಡಿಲ ಬಿಟ್ಟರೆ ಅದು ಅಲುಗಿದಾಗಲೆಲ್ಲ ಸುಳ್ಳು ಸದ್ದು ಬರುತ್ತದೆ. ಕೋಲಿನ ಉದ್ದ ನಮ್ಮ ಎತ್ತರಕ್ಕೆ ಹೊಂದಬೇಕು, ಬೆನ್ನು ಬಾಗಬಾರದು, ತೋಳು ಸಡಿಲವಾಗಿರಬೇಕು. ಯಂತ್ರ ಚಾಲೂ ಮಾಡಿ ಕಾಯಿಲ್ಲನ್ನು ನೆಲದ ಮೇಲೆ ಎತ್ತಿ ಇಳಿಸಿ, ಎತ್ತಿ ಇಳಿಸಿ, ಗುಂಯ್ ಎನ್ನುವುದು ಒಂದೇ ಸಮ ಆಗುವವರೆಗೆ ನಾಬ್ ತಿರುಗಿಸಬೇಕು. ಮಣ್ಣಿಗೂ ಅದರದೇ ಸದ್ದಿರುತ್ತದೆ, ಅದನ್ನು ಕಳೆದ ಮೇಲೆಯೇ ಲೋಹದ ಸದ್ದು ಕೇಳುವುದು. ಆಮೇಲೆ ನೆಲಕ್ಕೆ ತಾಗಿಯೂ ತಾಗದಂತೆ ಎಡಕ್ಕೂ ಬಲಕ್ಕೂ ಬೀಸುತ್ತ ಹೆಜ್ಜೆ ಇಡಬೇಕು. ಒಂದು ಬೀಸು ಹಿಂದಿನ ಬೀಸಿನ ಮೇಲೆ ಅರ್ಧ ಹಾಯಬೇಕು. ಗೇಟಕ್ಕ ತುದಿ ತುದಿಗೆ ಕಾಯಿಲ್ಲು ಮೇಲೆತ್ತಿಬಿಡುತ್ತಿದ್ದಳು. ಮಾಮ ಹಣೆ ಚಚ್ಚಿಕೊಂಡು, ಕಸ ಗುಡಿಸಬೇಡ ಎಂದು ಗದರಿದರು. ನಿಮ್ಮ ಬಸ್ಸಿನಲ್ಲಿ ಕೂತವರ ಸೊಂಟ ನೆನಪಿದೆ ಮಾಮ, ಸುಮ್ಮನಿರಿ ಎಂದು ಇವಳು ತಿರುಗಿಸಿ ಕೊಟ್ಟಳು.

ಹೀಗೆ ಬೆಳಗು ಬೆಳಗು ಶೆಡ್ಡು ತೆರೆಯುವ ಮುಂಚೆ ಅವಳು ಸಂದಿಯಲ್ಲಿ ಬೀಸುತ್ತ ನಡೆದದ್ದೇ ನಡೆದದ್ದು. ಯಂತ್ರ ತುಟಿಪಿಟಿಕ್ ಎನ್ನಲಿಲ್ಲ. ಏನೂ ಇಲ್ಲ ಬಿಡು ಎಂದು ಮಾಮ ಕೈಚೆಲ್ಲುವ ಹಂತಕ್ಕೆ ಬಂದಿದ್ದರು. ಸೋಫಾ ಯಜಮಾನರು ಗಾಜಿನ ಹಿಂದೆ ನಿಂತು ನೋಡಿ, ಚಿನ್ನ ಸಿಕ್ಕರೆ ನಮಗೂ ಪಾಲಿಡಿ ಎಂದು ಕೂಗಿ ಒಳಗೆ ಹೋದರು. ಗೇಟಕ್ಕನಿಗೆ ಮೈಯೆಲ್ಲ ಉರಿಯಿತು. ಕಾಲು ಅಪ್ಪಳಿಸಿದಳು. ಕಬ್ಬಿಣದ ಮೂತಿಯ ಅವಳ ಬೂಟು ಹೋಗಿ ನಿಂತದ್ದು ಕಾಯಿಲ್ಲಿನ ಅಡಿಯಲ್ಲೇ. ಆಗಲೂ ಯಂತ್ರ ಸುಮ್ಮನೆ!

ಅವಳು ಬೂಟು ನೋಡಿದಳು, ಯಂತ್ರ ನೋಡಿದಳು, ರಾಡಿನ ತುಂಡುಗಳ ಮೇಲೆ ನಿಂತ ತನ್ನನ್ನೇ ನೋಡಿಕೊಂಡಳು. ಹುಟ್ಟಿದಾಗಿನಿಂದ ಕಬ್ಬಿಣದಲ್ಲೇ ಹೊರಳಾಡಿದವಳಿಗೆ, ಕಬ್ಬಿಣದ ರಾಶಿಯ ಮೇಲೆ ಬೀಸಿದರೂ ಏನೂ ಕೇಳದಿದ್ದದ್ದು ವಿಚಿತ್ರ ಅನಿಸಿಯೇ ಇರಲಿಲ್ಲ.

“ಮಾಮ, ನಿಮ್ಮ ಯಂತ್ರ ಕಿವುಡು.”

“ಕಿವುಡಲ್ಲ ಮಗಳೇ. ಇದನ್ನ ಮಾರಿದ ಅಂಗಡಿಯವನೇ ಕಬ್ಬಿಣದ ಬಾಯಿ ಮುಚ್ಚಿ ಕೊಟ್ಟಿದ್ದಾನೆ. ಇಲ್ದಿದ್ರೆ ಮೊಳೆ ಮೊಳೆಗೂ ಕಿರುಚುತ್ತೆ. ಕಬ್ಬಿಣ ಯಾರಿಗೆ ಬೇಕು ಹೇಳು?”

“ನನಗೆ ಬೇಕು.”

ಕಬ್ಬಿಣದ ಬಾಯಿ ಮುಚ್ಚುವ ನಾಬು ಬೇರೆಯೇ ಇತ್ತು, ಅದು ಅಲುಗಬಾರದೆಂದು ಮಾಮ ಅದರ ಮೇಲೆ ಅಂಟುಪಟ್ಟಿ ಹಾಕಿದ್ದರು. ಗೇಟಕ್ಕ ಅದನ್ನು ಉಗುರಿನಿಂದ ಕಿತ್ತಳು. ಸ್ವಂತ ಮಗುವಿನ ಕಿವಿ ಹಿಂಡಿದಂತೆ ಮಾಮನಿಗೆ ನೋವಾಯಿತು. ಮುಖ ಊದಿಸಿಕೊಂಡು ಹೊರಟೇಹೋದರು. ಸಿಟ್ಟಿನ ಭರದಲ್ಲಿ ಯಂತ್ರ ಇಲ್ಲೇ ಉಳಿಯಿತು, ಅದು ಒಳ್ಳೆಯದೇ ಆಯಿತು.

ನಾಬು ತಿರುಗಿಸಿದ್ದೇ ತಡ, ಸಂದಿ ಇಡೀ ಬೊಬ್ಬೆ ಹೊಡೆಯಿತು. ಹೆಜ್ಜೆ ಇಟ್ಟರೆ ಕಿರುಚು, ಇಡದಿದ್ದರೂ ಕಿರುಚು. ಬೂಟಿನದೂ ಒಂದು ಕಿರುಚು ಸೇರಿದ್ದರಿಂದ ಅದನ್ನು ಕಳಚಿ ರಬ್ಬರ್ ಚಪ್ಪಲಿ ಹಾಕಿಕೊಂಡಳು. ಗಿರಾಕಿಗಳಿಗೆ ತೊಂದರೆ ಎಂದು ಸೋಫಾ ಯಜಮಾನರು ದೂರಿದಾಗ ಹೆಡ್‌ಫೋನ್ ಸಿಕ್ಕಿಸಿಕೊಂಡಳು. ಅವರ ಮಾತೂ ಕೇಳದಂತಾಗಿ ಅದರಿಂದ ಎರಡು ಲಾಭವಾಯಿತು. ಯಾರೂ ಇಷ್ಟು ಕಬ್ಬಿಣದ ನಡುವೆ ಒಂದು ಕಬ್ಬಿಣ ಹುಡುಕುವುದಿಲ್ಲ, ಹುಡುಕುವವರು ಬೇರೆ ಜಾಗ ನೋಡಿಕೊಳ್ಳುತ್ತಾರೆ. ಇವಳಿಗೆ ಬೇರೆ ಜಾಗವಿಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತ ಕಿತ್ತು, ಹಗ್ಗಕ್ಕೆ ಕಟ್ಟಿ, ಮಣ್ಣಿನ ಮೇಲೆ ಎಳೆಯತೊಡಗಿದಳು. ಗಟ್ಟಿ ಮಣ್ಣನ್ನು ಅಗೆದು, ಜರಡಿ ಹಿಡಿದು, ಮತ್ತೆ ಎಳೆದಳು. ಬಕೆಟ್ಟುಗಟ್ಟಲೆ ರಾಡಿನ ತುಂಡು ಬಂತು. ಅಪ್ಪನ ಕಾಲದ ದಪ್ಪ ತುಂಡುಗಳು, ತಾನು ಕಲಿಯುವಾಗ ಅರ್ಧಕ್ಕೇ ಎಸೆದ ಉದ್ದ ತುಂಡುಗಳು. ಬೆನ್ನು ಮುರಿದುಹೋಗುವಂತಾದರೂ ಅವಳಿಗೆ ಒಂದು ಹಟದ ಸುಖ ಇತ್ತು.

ಮಣ್ಣು ಸ್ವಲ್ಪ ಹಗುರಾದ ಮೇಲೆ ಅವಳಿಗೊಂದು ಯೋಚನೆ ಬಂತು. ಹುಡುಕುವ ವಸ್ತುವಿನ ಜೊತೆಯದೇ ಹಿಂದಿನ ಓಣಿಯಲ್ಲಿ ನಿಂತಿದೆಯಲ್ಲ, ಅದನ್ನೇ ಕೇಳಿದರಾಯಿತು. ಓಣಿಗೆ ಹೋಗಿ ಆ ಗೂಟದ ಮೇಲೆ ಯಂತ್ರ ಹಿಡಿದಳು. ಎಡದಿಂದ ಬೀಸಿದಳು, ಬಲದಿಂದ ಬೀಸಿದಳು, ಸುತ್ತು ಹಾಕಿ ಬೀಸಿದಳು. ನೆಲದಲ್ಲಿ ಅಡ್ಡ ಮಲಗಿದ ರಾಡು ಉದ್ದಕ್ಕೆ ಬೀಸಿದರೆ ಎರಡು ಸಲ ಕೂಗುತ್ತದೆ, ಒಂದೊಂದು ತುದಿಗೆ ಒಂದೊಂದು ಸಲ. ನೆಟ್ಟಗೆ ನಿಂತ ಗೂಟ ಹಾಗಲ್ಲ. ಎತ್ತ ಕಡೆಯಿಂದ ಬಂದರೂ ಒಂದೇ ಕೂಗು, ಚಿಕ್ಕದು, ಗುಂಡಗಿನದು, ನಟ್ಟನಡುವೆ. ಆ ಕೂಗು ಕಿವಿಯಲ್ಲಿ ಕೂರುವವರೆಗೆ ಅಲ್ಲೇ ಇದ್ದಳು. ಕಸ ಹಾಕಲು ಬಂದವರು ಪಕ್ಕದಿಂದ ಸರಿದು ಹೋದರು. ತಲೆಯೆತ್ತಿದರೆ ಓಣಿಯ ತುದಿಯಲ್ಲಿ ಡ್ರೈವರ್ ಮಾಮ ನಿಂತಿದ್ದರು. ಸಿಟ್ಟು ಇನ್ನೂ ಇತ್ತು, ಆದರೆ ಅವಳು ತಪ್ಪಾಗಿ ಹಿಡಿದಿದ್ದನ್ನು ನೋಡಿಕೊಂಡು ಸುಮ್ಮನಿರಲು ಅವರಿಂದಾಗಲಿಲ್ಲ. ನಿಧಾನಕ್ಕೆ ಬೀಸು, ಸೂಕ್ಷ್ಮತೆ ಕಡಿಮೆ ಇಟ್ಟುಕೋ, ಆಗ ಚಿಲ್ಲರೆಯೆಲ್ಲ ಬಾಯಿ ಮುಚ್ಚುತ್ತದೆ ಎಂದರು. ಅಲ್ಲಿಗೆ ರಾಜಿಯಾಯಿತು.

ಆ ಕೂಗನ್ನು ಕಿವಿಯಲ್ಲಿ ಹೊತ್ತುಕೊಂಡು ಸಂದಿಯನ್ನು ಮೊದಲಿನಿಂದ ಕೊನೆಯವರೆಗೆ ಬೀಸಿದಳು. ಕಂಬದ ಬುಡದಲ್ಲಿ ಕಂಬವೇ ಕೂಗುತ್ತಿದ್ದರಿಂದ ಅಲ್ಲಿ ಕೈಯಿಂದಲೇ ಅಗೆದಳು. ಗೂಟ ಇರಲಿಲ್ಲ. ಅಪ್ಪ ಹೇಳಿದ ಜಾಗದಲ್ಲಿ ಇರಲಿಲ್ಲ, ಅದರ ಆಚೆ ಈಚೆ ಇರಲಿಲ್ಲ. ಸರ್ವೆಯವರು ಬರುವ ದಿನ ಹತ್ತಿರವಾಗುತ್ತಿತ್ತು. ಬೀಸದೆ ಉಳಿದದ್ದು ಒಂದೇ ಜಾಗ, ಕಂಬದ ಒಳಮಗ್ಗುಲು. ಅಪ್ಪನೇ ಸಿಮೆಂಟು ಹಾಕಿದ ನೆಲ, ಅದರ ಮೇಲೆ ಅಪ್ಪನೇ ಮಾಡಿದ ಕಬ್ಬಿಣದ ಮೇಜು. ಅವಳು ಮೇಜಿನ ಕಾಲಿಗೆ ಸನ್ನೆಕೋಲು ಕೊಟ್ಟಾಗ ಹಿಂದಿನ ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡಳು.

“ಅಲ್ಲಿ ಬೇಡ ಕಣೇ.”

ಗೇಟಕ್ಕನಿಗೆ ಆಗಲೇ ಎಲ್ಲ ತಿಳಿಯಿತು. ಅಮ್ಮನ ಹೆದರಿಕೆ ಸೋಫಾ ಯಜಮಾನರದ್ದಲ್ಲ, ಈ ನೆಲದ ಅಡಿಯದ್ದು. ಆದರೂ ಮೇಜು ಸರಿಸಿದಳು. ಹೆಡ್‌ಫೋನ್ ಹಾಕಿಕೊಂಡು ಬೀಸಿದಳು. ಕಂಬದಿಂದ ಒಂದು ಮೊಳ ಒಳಗೆ ಆ ಕೂಗು ಬಂತು. ಎಡದಿಂದಲೂ ಅದೇ, ಬಲದಿಂದಲೂ ಅದೇ, ಚಿಕ್ಕದು, ಗುಂಡಗಿನದು. ಸಿಮೆಂಟು ಒಡೆದಾಗ ಗೂಟದ ತಲೆ ಕಂಡಿತು, ಮೇಲೆ ಅಡ್ಡಗೆರೆಯ ಗುರುತು ಕೊಯ್ದಂತೆಯೇ ಇತ್ತು.

ಆಗ ಅಮ್ಮ ಕೂತು ಹೇಳಿದಳು. ಆಚೆ ಜಾಗ ಆಗ ಖಾಲಿ ಬಿದ್ದಿತ್ತು, ಉದ್ದನೆಯ ಪೈಪು ಶೆಡ್ಡಿನೊಳಗೆ ಹಿಡಿಯುತ್ತಿರಲಿಲ್ಲ, ಒಂದು ಮೊಳ ತಾನೇ ಎಂದು ಅಪ್ಪ ಕಂಬ ಆಚೆ ನೆಟ್ಟು ಗೂಟದ ಮೇಲೆ ನೆಲ ಹಾಕಿಬಿಟ್ಟ. ಗೇಟಕ್ಕನಿಗೆ ಅಳು ಬರಲಿಲ್ಲ, ಕೋಪ ಬಂತು. ಒಂದು ಮೊಳ ಕದ್ದದ್ದಕ್ಕೆ ಅಷ್ಟು ಕೋಪವಲ್ಲ. ತನ್ನ ಹತ್ತಿರ, ತನ್ನ ಹತ್ತಿರವೂ, ಸುಳ್ಳು ಹೇಳಿದನಲ್ಲ ಎಂದು. ಆ ಸುಳ್ಳನ್ನು ಇಡೀ ಬೀದಿಯ ಮುಂದೆ ಎದೆ ತಟ್ಟಿಕೊಂಡು ಸಾರಿದ್ದಳಲ್ಲ ಎಂದು ಮುಖ ಕಾದುಹೋಯಿತು.

ಡ್ರೈವರ್ ಮಾಮ ಸಂಜೆ ಬಂದು ನೋಡಿ, ಅತ್ತಿತ್ತ ಕಣ್ಣು ಹಾಯಿಸಿ, ದನಿ ತಗ್ಗಿಸಿದರು. ಗೂಟ ಅಂದರೆ ಒಂದು ತುಂಡು ಕಬ್ಬಿಣ, ಕಬ್ಬಿಣ ಕೀಳುವುದು ನೆಡುವುದು ನಿನ್ನ ದಿನದ ಕೆಲಸ, ಒಂದು ಮೊಳ ಆಚೆ ಸರಿದರೆ ಯಾರ ಗಂಟು ಹೋಗುತ್ತದೆ ಎಂದರು. ಕೆಟ್ಟ ಮನುಷ್ಯರಲ್ಲ, ಅವಳ ಮೇಲಿನ ಮಮತೆಗೆ ಹೇಳಿದರು. ಅವಳಿಗೂ ಆ ಯೋಚನೆ ಬಂದಿರಲಿಲ್ಲವೆಂದಲ್ಲ. ಕಿತ್ತು ನೆಡಲು ಒಂದು ಗಂಟೆಯೂ ಬೇಡ, ಅಡ್ಡಗೆರೆ ಅಳಿಯದಂತೆ ಕೀಳುವುದು ಹೇಗೆಂದು ಅವಳ ಕೈಗೆ ಗೊತ್ತಿತ್ತು.

“ನಾಳೆ ಸರ್ವೆಯವರ ಮುಂದೆ ನಾನು ಗಂಟಲು ಹರಿಯೋ ಹಾಗೆ ಕೂಗ್ಬೇಕು ಮಾಮ,” ಎಂದಳು. “ಗಂಟಲಲ್ಲಿ ಏನಾದ್ರೂ ಸಿಕ್ಕಿಕೊಂಡಿದ್ರೆ ಕೂಗಕ್ಕಾಗಲ್ಲ.”

ಮರುದಿನ ಬೆಳಿಗ್ಗೆ ಚಾವಣಿಗೆ ಪೈಪಿನ ಆನಿಕೆ ಕೊಟ್ಟು, ಗ್ಯಾಸ್ ಕಟರ್ ಹಚ್ಚಿ, ಅಪ್ಪ ನೆಟ್ಟ ಕಂಬಗಳನ್ನು ಒಂದೊಂದಾಗಿ ಬುಡದಲ್ಲಿ ಕತ್ತರಿಸಿದಳು. ತಗಡನ್ನೂ ಒಂದು ಮೊಳ ಒಳಕ್ಕೆ ಕತ್ತರಿಸಿದಳು. ಕಿಡಿ ಹಾರುವುದನ್ನು ನೋಡಿದ ಸೋಫಾ ಯಜಮಾನರು ಅವಳು ಸೋತು ಶೆಡ್ಡು ಬಿಚ್ಚುತ್ತಿದ್ದಾಳೆಂದೇ ತಿಳಿದು, ದೊಡ್ಡ ಮನಸ್ಸು ಮಾಡಿ ಚಹಾ ಕಳಿಸಿದರು. ಅವಳು ಚಹಾ ಕುಡಿದು ಲೋಟ ವಾಪಸು ಕಳಿಸಿದಳು.

ಸರ್ವೆಯವರು ಬಂದಾಗ ಗೂಟದ ಸುತ್ತ ಸಿಮೆಂಟು ತೆಗೆದು ಗುಡಿಸಿಟ್ಟಿತ್ತು. ಅವರು ಮಂಡಿಯೂರಿ ಅಡ್ಡಗೆರೆ ನೋಡಿದರು, ಹಿಂದಿನ ಓಣಿಯ ಗೂಟಕ್ಕೆ ಹೋಲಿಸಿದರು, ಇದೇ ಎಂದರು. ದಾರ ಎಳೆದರು. ದಾರ ಶೆಡ್ಡಿನ ಹೊಸ ಅಂಚಿಗೆ ಒತ್ತಿಕೊಂಡು, ಎಲ್ಲಿಯೂ ಒಳಗೆ ಬಾರದೆ, ನೇರ ಹಿಂದಿನ ಓಣಿಗೆ ಹೋಯಿತು. ಬಾಗಿಲು ಈಚೆ, ಯಂತ್ರ ಈಚೆ, ಮೇಜಿಗೂ ಜಾಗ ಈಚೆಯೇ. ಅಷ್ಟರಲ್ಲಿ ಬೀದಿಯ ಅರ್ಧ ಜನ ಸೇರಿದ್ದರು. ಸೋಫಾ ಯಜಮಾನರ ಮುಖ ಒಂದು ಕ್ಷಣ ಸಪ್ಪಗಾಯಿತು, ಆದರೆ ಅವರು ಅಷ್ಟಕ್ಕೇ ಸುಮ್ಮನಾಗುವ ಬಾಯಿಯಲ್ಲ.

“ಅಂದ್ರೆ ಇಷ್ಟು ವರ್ಷ ನಿಮ್ಮಪ್ಪ ನಮ್ಮ ಜಾಗ ನುಂಗಿದ್ದು ನಿಜ ಅಂತಾಯ್ತಲ್ಲಮ್ಮ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

ಜನ ಗೇಟಕ್ಕನ ಕಡೆ ತಿರುಗಿದರು. ಅಪ್ಪನ ವಿಷಯಕ್ಕೆ ಬಂದವರ ಮೇಲೆ ಅವಳು ಹಾರೆ ಎತ್ತಿದ್ದನ್ನು ನೋಡಿದವರೂ ಅಲ್ಲಿದ್ದರು. ಅವಳು ಎತ್ತಲಿಲ್ಲ. ಗೂಟದ ಕಡೆ ಬೆರಳು ಮಾಡಿದಳು.

“ನಿಜ. ಒಂದು ಮೊಳ. ಅಪ್ಪ ತಗೊಂಡಿದ್ದನ್ನ ಮಗಳು ಕತ್ತರಿಸಿ ವಾಪಸ್ ಕೊಟ್ಟಾಯ್ತು, ನೋಡ್ಕೊಳ್ಳಿ. ಈಗ ನೀವು ಹೇಳಿ ಯಜಮಾನ್ರೇ, ನೀವು ಕೇಳ್ತಿದ್ದ ಅರ್ಧ ಶೆಡ್ಡು ಯಾವ ಗೂಟದ ಮೇಲೆ ನಿಂತಿತ್ತು?”

ಅವರು ಸರ್ವೆಯವರ ಕಡೆ ನೋಡಿದರು. ಸರ್ವೆಯವರು ದಾರ ಸುತ್ತುತ್ತಿದ್ದರು. ಗುಂಪಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆಂದು ಯಜಮಾನರಿಗೆ ನೆನಪಾಯಿತು.

ಜನ ಕರಗಿದ ಮೇಲೆ ಶೆಡ್ಡು ಆನಿಕೆಗಳ ಮೇಲೆ ನಿಂತಿತ್ತು. ಕತ್ತಲಾಗುವ ಮುಂಚೆ ಕಂಬಗಳನ್ನು ಗೂಟದ ಈಚೆಗೆ ಮತ್ತೆ ನಿಲ್ಲಿಸಬೇಕು, ಗಾಳಿ ಬಂದರೆ ತಗಡು ಹಾರಿಹೋದೀತು. ಡ್ರೈವರ್ ಮಾಮ ತಮ್ಮ ಯಂತ್ರವನ್ನು ಒರೆಸಿ, ಆ ನಾಬನ್ನು ಹಳೆಯ ಜಾಗಕ್ಕೆ ತಿರುಗಿಸಿಕೊಂಡು, ನಾಣ್ಯಕ್ಕೆಂದು ಮೈದಾನಕ್ಕೆ ಹೋಗಿದ್ದರು. ಗೇಟಕ್ಕ ಒಬ್ಬಳೇ ಮೊದಲ ಕಂಬ ಎತ್ತಿ ನಿಲ್ಲಿಸಿದಳು. ನೆಟ್ಟಗೆ ಹಿಡಿದರೆ ವೆಲ್ಡ್ ಮಾಡಲು ಕೈಯಿಲ್ಲ, ಕೈ ಬಿಟ್ಟರೆ ಕಂಬ ವಾಲುತ್ತದೆ.

ಅಮ್ಮ ಗಂಡನ ಕಳ್ಳತನ ಬೀದಿಗೆ ಬಂದದ್ದನ್ನು ಹಿಂದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಈಗ ಮೆಲ್ಲಗೆ ಶೆಡ್ಡಿನೊಳಗೆ ಬಂದಳು.

“ನಿಮ್ಮಪ್ಪ ಇದ್ದಿದ್ರೆ ಇವತ್ತು ನಿನಗೆ ಎರಡು ಬಿಗೀತಿದ್ರು.”

“ಬಿಗೀತಿದ್ದ,” ಎಂದಳು ಗೇಟಕ್ಕ, ತಿರುಗದೆ. “ಆಮೇಲೆ ಬಂದು ಕಂಬ ಹಿಡ್ಕೊಳ್ತಿದ್ದ.”

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹತ್ತಿರ ಬಂದು ಎರಡೂ ಕೈ ಚಾಚಿದಳು.

“ಎಲ್ಲಿ ಹಿಡೀಲಿ, ಹೇಳು.”